ಪ್ಯಾಕೇಜನ್ನು ಹಿಸೆ ಮಾಡಿದ್ದು: ನನ್ನ ಅನುಭವ

ಪುಣೆಯ ಕೋಥ್ರೂಡಿನಲ್ಲಿ ನಾವು ಮೂರು ಮಂದಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಲ್ಲವೂ ಡೆಬಿಯನ್ ಎಂಬ ಲಿನಕ್ಸ್ ಮೇಲೆ. ಮೊದಲು ಪ್ಯಾಕೇಜ್, ಅಂದರೆ ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಕಟ್ಟಿಟ್ಟ ಗಂಟು, ಒಂದೇ ಇತ್ತು. ಕನ್ನಡ, ಮರಾಠಿ ಅನುವಾದದ ಫೈಲುಗಳು, ಬಿಲ್ಲಿನ ನಮೂನೆಗಳು ಅದರೊಳಗೇ ಇದ್ದವು. ಆಮೇಲೆ ಗೋದಾಮಿನ ಸ್ಟಾಕ್ ನೋಡುವ ಪ್ರೋಗ್ರಾಮಿಗೂ ಅವೇ ಫೈಲು ಬೇಕಾದವು. 2.4-1 ಆವೃತ್ತಿಯಲ್ಲಿ ಅವನ್ನು ಬೇರೆ ಡೇಟಾ ಪ್ಯಾಕೇಜಿಗೆ ಹಾಕಿದೆ.

ಹೊಸ ಮಷೀನಿನಲ್ಲಿ ಸಲೀಸಾಗಿ ಕೂತಿತು. ಗಿರಾಕಿಯ ಅಂಗಡಿಯಲ್ಲಿ ಅಪ್‌ಗ್ರೇಡ್ ಮಾಡಿದರೆ ಪ್ಯಾಕೇಜುಗಳನ್ನು ಕೂರಿಸುವ ಡಿಪಿಕೆಜಿ ಅರ್ಧಕ್ಕೇ ನಿಂತಿತು. ಈ ಫೈಲು ಹಳೆಯ ಪ್ಯಾಕೇಜಿನಲ್ಲೂ ಇದೆ, ಅದರ ಮೇಲೆ ಬರೆಯಲ್ಲ ಅಂತ.

ನಮ್ಮ ಬೆಳಗಾವಿ ಕಡೆ ಅಣ್ಣತಮ್ಮಂದಿರು ಹೊಲ ಹಿಸೆ ಮಾಡಿಕೊಂಡರೂ ಉತಾರದಲ್ಲಿ (ಪಹಣಿಯಲ್ಲಿ) ಹಳೇ ಹೆಸರೇ ಉಳಿದಿರುತ್ತದಲ್ವಾ, ಹಾಗೇ ಇದು. ಡೇಟಾ ಪ್ಯಾಕೇಜ್ ಮೊದಲು ಬಿಚ್ಚಿಕೊಂಡಿತು. ಆ ಹೊತ್ತಿಗೆ ಡಿಪಿಕೆಜಿಯ ಲೆಕ್ಕದಲ್ಲಿ ಫೈಲಿನ ಒಡೆಯ ಇನ್ನೂ ಪ್ರೋಗ್ರಾಮ್ ಪ್ಯಾಕೇಜಿನ ಹಳೆಯ 2.3-4 ಆವೃತ್ತಿ.

ಫೋರ್ಸ್ ಓವರ್‌ರೈಟ್ ಹಾಕಿ, ಅಂದರೆ ಹಳೆಯದರ ಮೇಲೆ ಬಲವಂತವಾಗಿ ಬರೆಸಿ, ಮುಗಿಸೋಣ ಅಂದ ಜೊತೆಗಾರ. ನಾನು ಒಪ್ಪಲಿಲ್ಲ. ಪ್ರತಿ ಅಂಗಡಿಯಲ್ಲೂ ಅದನ್ನೇ ಮಾಡಬೇಕಾಗುತ್ತಿತ್ತು, ಮುಂದೆ ನಿಜವಾದ ಡಿಕ್ಕಿ ಬಂದರೂ ಕಾಣುತ್ತಿರಲಿಲ್ಲ.

ಡೇಟಾ ಪ್ಯಾಕೇಜಿನ ಕಂಟ್ರೋಲ್ ಫೈಲಿನಲ್ಲಿ, ಅಂದರೆ ಪ್ಯಾಕೇಜಿನ ವಿವರ ಇರುವ ಫೈಲಿನಲ್ಲಿ, ರಿಪ್ಲೇಸಸ್ ಬರೆದೆ: ಹಳೆಯ ಪ್ಯಾಕೇಜಿನ ಫೈಲುಗಳ ಮೇಲೆ ಇದು ಬರೆಯಬಹುದು ಅಂತ. ದೋಷ ಹೋಯಿತು. ಆದರೆ ಅದೊಂದೇ ಸಾಲದು, ಇದನ್ನು ಪ್ರಯೋಗ ಮಾಡಿಯೇ ನೋಡಿದೆ. ಹಳೆಯ ಪ್ರೋಗ್ರಾಮ್ ಇಟ್ಟುಕೊಂಡು ಡೇಟಾ ಪ್ಯಾಕೇಜ್ ಮಾತ್ರ ಹಾಕಿದೆ, ಆಮೇಲೆ ತೆಗೆದೆ. ಅನುವಾದದ ಫೈಲುಗಳೂ ಜೊತೆಗೇ ಹೋದವು! ಒಡೆತನ ಆಗಲೇ ಕೈ ಬದಲಾಗಿತ್ತು, ಹಳೆಯದಕ್ಕೆ ಏನೂ ಉಳಿಯಲಿಲ್ಲ. ಅದಕ್ಕೇ ಜೊತೆಗೆ ಬ್ರೇಕ್ಸ್ ಬೇಕು. ಆಗ ಹಳೆಯ ಪ್ರೋಗ್ರಾಮ್ ಮತ್ತು ಹೊಸ ಡೇಟಾ ಒಟ್ಟಿಗೆ ಇರಲು ಆಗುವುದಿಲ್ಲ. ಕಾನ್‌ಫ್ಲಿಕ್ಟ್ಸ್ ಎಂಬ ಇನ್ನೊಂದು ಸಾಲೂ ಇದೆ, ಇಲ್ಲಿ ಅದು ಜಾಸ್ತಿಯಾಯಿತು. ಅದು ಹಳೆಯದನ್ನು ಪೂರ್ತಿ ಕಿತ್ತ ಮೇಲೇ ಹೊಸದನ್ನು ಬಿಚ್ಚಲು ಬಿಡುತ್ತದೆ.

ರಿಪ್ಲೇಸಸ್, ಬ್ರೇಕ್ಸ್ ಎರಡೂ ಸಾಲಿನಲ್ಲಿ ಆವೃತ್ತಿ ಒಂದೇ: 2.4-1~ ಗಿಂತ ಹಳೆಯದು. ಕೊನೆಯ ಆ ಅಲೆಗೆರೆಯನ್ನು ಸುಮ್ನೆ ಹಾಕಿದ್ದಲ್ಲ. ನಮ್ಮ ಪರೀಕ್ಷೆಯ ಕಂತುಗಳ ಹೆಸರು 2.4-1~ಟೆಸ್ಟ್1 ಎಂಬ ಥರ ಇರುತ್ತದೆ. ಡಿಪಿಕೆಜಿಯ ಎಣಿಕೆಯಲ್ಲಿ ಅದು 2.4-1 ಕ್ಕಿಂತ ಕೆಳಗೆ. ಗೆರೆ ಬಿಟ್ಟಿದ್ದರೆ, ಆಗಲೇ ಹಿಸೆಯಾದ ಆ ಕಂತುಗಳೂ ಹಳೆಯವೆಂದು ಎಣಿಕೆಯಾಗುತ್ತಿದ್ದವು. ಪ್ರೋಗ್ರಾಮಿನ ಕಡೆ, ಇದು ಬೇಕೇ ಬೇಕು ಅಂತ ಡೇಟಾ ಪ್ಯಾಕೇಜನ್ನು ಡಿಪೆಂಡ್ಸ್‌ಗೆ ಸೇರಿಸಿದೆ.

ಈಗ ಬಿಡುಗಡೆಗೆ ಮುಂಚೆ ಹಳೆಯ ಆವೃತ್ತಿ ಹಾಕಿ, ಅದರ ಮೇಲೆ ಅಪ್‌ಗ್ರೇಡ್ ಮಾಡಿಯೇ ನೋಡುತ್ತೇನೆ. ಈಟಿಸಿ ಫೋಲ್ಡರಿನ ಸೆಟ್ಟಿಂಗ್ ಫೈಲುಗಳನ್ನು ಮಾತ್ರ ಸದ್ಯಕ್ಕೆ ಹಳೇ ಪ್ಯಾಕೇಜಿನಲ್ಲೇ ಬಿಟ್ಟಿದ್ದೇನೆ. ಅಂಗಡಿಯವರು ತಿದ್ದಿಕೊಂಡ ಫೈಲುಗಳವು, ಅವನ್ನು ಸರಿಸುವ ಕೆಲಸ ಇದಕ್ಕಿಂತ ನಾಜೂಕು.