ಕಡಲ ದಂಡೆಯಲ್ಲಿ ಕೌನ್ಸೆಲಿಂಗ್: ನನ್ನ ಅನುಭವ

"ಗಂಡಸರು ಬಾಯಿ ಬಿಡೋದಿಲ್ಲ ಮಾರಾಯ, ಗುಳಿಗೆ ಕೊಟ್ಟು ಕಳಿಸು." ಎಚ್‌ಐವಿ ಇರುವ ಗಂಡಸರ ಜೊತೆ ಕೂತು ಮಾತಾಡಿಸ್ತೇನೆ ಅಂದಾಗ ಜೊತೆಯವರೆಲ್ಲ ಹೇಳಿದ್ದು ಇದನ್ನೇ. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ.

ಮೊದಲು ಗುಂಪು ಕಟ್ಟಿ ನೋಡಿದೆ. ಹಾಲ್ ಬಾಡಿಗೆ, ಚಹಾ, ಅಂಕೋಲಾ, ಕುಮಟಾದಿಂದ ಬರುವವರ ಬಸ್ ಚಾರ್ಜು ಸೇರಿ ಸಲಕ್ಕೆ ಎರಡು ಸಾವಿರದ ಹತ್ತಿರ ಹೋಗುತ್ತಿತ್ತು. ಬಂದವರು ನಾಲ್ಕೈದು ಜನ. ಅದರಲ್ಲಿ ಇಬ್ಬರು ಅಕ್ಕಪಕ್ಕದ ಊರಿನವರು. ಮುಗೀತಲ್ಲ! ಗುಟ್ಟು ಕಾಯಬೇಕು ಅಂತ 2017ರ ಎಚ್‌ಐವಿ ಕಾಯ್ದೆಯಲ್ಲಿದೆ, ಆದರೆ ಪರಿಚಯದ ಮುಖ ಕಂಡವನಿಗೆ ಅದು ಧೈರ್ಯ ಕೊಡುವುದಿಲ್ಲ. ಫೋನಿನಲ್ಲಿ ಮಾತಾಡಿಸಿದರೆ ಪಕ್ಕದಲ್ಲಿ ಮನೆಯವರು, ಬರೀ "ಹೂಂ, ಹಾಂ".

ಕೊನೆಗೆ ಕಾರವಾರದ ಟಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದೆ. ಒಂದು ಸಲಕ್ಕೆ ಒಬ್ಬರೇ. ನನ್ನ ಐಡಿ ಕಾರ್ಡು ಜೇಬಿನೊಳಗೆ. ಮುಕ್ಕಾಲು ಗಂಟೆ ನಡಿಗೆ. ಎದುರುಬದುರು ಕೂತಾಗ ಬಾರದ ಮಾತು ಪಕ್ಕಪಕ್ಕ ನಡೆದಾಗ ಬಂತು. ಅಳು ಬಂದರೂ ನೀರಿನ ಕಡೆ ತಿರುಗಿ ನಿಂತರಾಯಿತು. ಗುಳಿಗೆ ಒಯ್ಯಲು ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಬರುವ ದಿನವೇ ನಡಿಗೆ, ಹಾಗಾಗಿ ಬೇರೆ ಬಸ್ ಖರ್ಚಿಲ್ಲ. ಚಹಾ, ಬನ್ಸ್ ಸೇರಿ ಐವತ್ತು ಅರವತ್ತು ರೂಪಾಯಿ, ನನ್ನ ಕೈಯಿಂದಲೇ.

ಮೊದಲ ದಿನ ಮನಸ್ಸಿನ ಸುದ್ದಿಯೇ ಎತ್ತುವುದಿಲ್ಲ. ರಾತ್ರಿ ಎಷ್ಟೊತ್ತಿಗೆ ಎಚ್ಚರ ಆಗುತ್ತೆ, ಬೋಟ್ ಮಾಲಕರ ಹತ್ತಿರ ಅಡ್ವಾನ್ಸ್ ಎಷ್ಟಿದೆ, ಅಷ್ಟೇ. ಬೋಟಿನವರಿಗೆ ಜೂನ್, ಜುಲೈ ಒಳ್ಳೆಯದು. ಮೀನುಗಾರಿಕೆ ಬಂದ್, ಪುರುಸೊತ್ತು ಜಾಸ್ತಿ. ಸಾಲ, ಕುಡಿತವೂ ಆಗಲೇ ಜಾಸ್ತಿ. ಮಳೆ ಬಿಟ್ಟಾಗ ನಡೆಯುತ್ತೇವೆ.

ಒಬ್ಬ ಬೋಟಿನಲ್ಲಿ ಗುಳಿಗೆ ತಪ್ಪಿಸುತ್ತಿದ್ದ. ಯಾಕೆ ಅಂತ ಮೂರನೇ ನಡಿಗೆಯಲ್ಲಿ ಹೇಳಿದ: "ಡಬ್ಬಿ ಕಟಕಟ ಅಂದ್ರೆ ಎಲ್ಲರೂ ತಿರುಗಿ ನೋಡ್ತಾರೆ ಸರ್." ಲೇಬಲ್ ಕಿತ್ತಾಗಿತ್ತು, ಸದ್ದು ಮಾತ್ರ ಉಳಿದಿತ್ತು. ಒಳಗೆ ಹತ್ತಿ ತುರುಕಿದೆವು. ಆಮೇಲೆ ಹೆಂಡತಿಯ ವಿಷಯ ಅವನಾಗೇ ತೆಗೆದ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಕೂಡಿದಾಗ ಅವಳಿಗೆ ಹರಡುವುದಿಲ್ಲ ಅಂದೆ. ಪೋಸ್ಟರಿನಲ್ಲಿ ಎಷ್ಟೋ ಸಲ ಓದಿದ್ದನಂತೆ, ನಂಬಿದ್ದು ಅವತ್ತು.

ನಿದ್ದೆಗೆಟ್ಟವರಲ್ಲಿ ಕೆಲವರಿಗೆ ಡಾಕ್ಟರನ್ನು ಕೇಳಿ ಎಚ್‌ಐವಿಗೆ ದಿನಾ ನುಂಗುವ ಟಿಎಲ್‌ಡಿ ಗುಳಿಗೆಯನ್ನು ರಾತ್ರಿಯಿಂದ ಬೆಳಿಗ್ಗೆಗೆ ಬದಲಿಸಿದೆವು. ಅರ್ಧಕ್ಕರ್ಧ ಜನರಿಗೆ ಅಷ್ಟರಲ್ಲೇ ಗುಣ ಕಂಡಿತು.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9ರಲ್ಲಿ (ಅಂಕ ಜಾಸ್ತಿಯಾದಷ್ಟೂ ಖಿನ್ನತೆ ಜಾಸ್ತಿ) ಹದಿನೈದರ ಆಸುಪಾಸು ಇದ್ದವರು ಆರೇಳು ನಡಿಗೆಗೆ ಎಂಟರ ಕೆಳಗೆ ಬಂದಿದ್ದಾರೆ. ಎಲ್ಲರೂ ಅಲ್ಲ, ಮುಕ್ಕಾಲು ಪಾಲು. ಸಾಯುವ ಯೋಚನೆಯ ಒಂಬತ್ತನೇ ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳುತ್ತೇನೆ. ಹೌದು ಅಂದರೆ ನಡಿಗೆ ಅಲ್ಲಿಗೇ ನಿಲ್ಲುತ್ತದೆ, ಅವತ್ತೇ ಮನೋವೈದ್ಯರ ಹತ್ತಿರ ಜೊತೆಗೇ ಹೋಗುತ್ತೇನೆ. ವಾಪಸ್ ತಿರುಗುವಾಗ ಕೇಳುವ ಪ್ರಶ್ನೆ ಇನ್ನೊಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಕಾರವಾರಕ್ಕೆ ಬನ್ನಿ.

ಶಿರಸಿಯಲ್ಲಿ ಇದು ನಡೆಯಲಿಲ್ಲ. ಹತ್ತು ಹೆಜ್ಜೆಗೊಬ್ಬರು "ಎಲ್ಲಿಗೆ ಹೊಂಟಿದ್ರಿ, ಇವರ್ಯಾರು?" ಅಂತ ನಿಲ್ಲಿಸುತ್ತಾರೆ. ಅಲ್ಲಿ ಈಗ ಬೈಕಿನಲ್ಲಿ ಊರಾಚೆ ಹೋಗಿ ಮಾತಾಡಿಸುತ್ತಿದ್ದೇನೆ. ಪೆಟ್ರೋಲ್ ಖರ್ಚು ಮಾತ್ರ ಹಾಲ್ ಬಾಡಿಗೆಯನ್ನು ಹಿಡಿಯುವ ಹಾಗೆ ಕಾಣುತ್ತಿದೆ.