ಅಮಾವಾಸ್ಯೆಯ ಇಳಿತ, ಶಿವಡಿಯ ಕೆಸರು, ಆಚೆ ದಡದ ಚಿಮಣಿಗಳು

"ಶಿವಡಿಗೆ ಹೋಗಿ ರಾಜಹಂಸ ಬಿಟ್ಟು ಕೊಳವೆ, ಚಿಮಣಿಗಳ ಚಿತ್ರ ತೆಗೆದುಕೊಂಡು ಬರುತ್ತೀಯಲ್ಲ ಮಾರಾಯ, ನಿನಗೆ ಮಂಡೆ ಸರಿ ಇದೆಯಾ?" ಎಂದು ಕೇಳಿದವರೇ ಈಗ ಫೋನ್ ಮಾಡಿ ಯಾವ ದಿನ ಹೋದದ್ದು, ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ. ಶಿವಡಿ ಎಂದರೆ ಮುಂಬೈಯ ಪೂರ್ವ ದಡದಲ್ಲಿ ರಾಜಹಂಸಗಳು ಬಂದಿಳಿಯುವ ಕೆಸರು ತೀರ.

ನಾನು ಚೆಂಬೂರಿನಲ್ಲಿ ಮಾವನ ಹೋಟೆಲಿನ ಗಲ್ಲಾ ನೋಡಿಕೊಳ್ಳುವವನು. ವಾರಕ್ಕೆ ಎರಡು ಸಂಜೆ ಬಿಡುವು. ಮೊದಲ ಎರಡು ವರ್ಷದಲ್ಲಿ ಸುಮಾರು ನಾಲ್ಕು ಸಾವಿರ ಚಿತ್ರ ತೆಗೆದಿರಬೇಕು, ಉಳಿಸಿಕೊಂಡದ್ದು ಹನ್ನೊಂದು. ಮಧ್ಯಾಹ್ನ ತೆಗೆದರೆ ಆಚೆ ದಡದ ಮಾಹುಲ್ ಕಡೆಯ ತೈಲ ಸಂಸ್ಕರಣಾಗಾರ ಗುಜರಿ ಅಂಗಡಿಯಂತೆ ಕಾಣುತ್ತಿತ್ತು. ಕತ್ತಲಾದ ಮೇಲೆ ತೆಗೆದರೆ ಕರಿ ಬಟ್ಟೆಯ ಮೇಲೆ ಕಿತ್ತಳೆ ಚುಕ್ಕಿ, ಅಷ್ಟೆ. ನಡುವಿನ ಹೊತ್ತಿಗೆ ಹೋದರೆ ನೀರು ತುಂಬಿ ಅಲೆಯೆದ್ದು ಪ್ರತಿಬಿಂಬ ಚೂರುಚೂರು.

ದಾರಿ ತೋರಿಸಿದ್ದು ಯಾವ ಛಾಯಾಗ್ರಾಹಕನೂ ಅಲ್ಲ. ದಿನವೂ ನಾಲ್ಕು ಗಂಟೆಗೆ ಚಹಾಕ್ಕೆ ಬರುವ ಮಲ್ಪೆ ಕಡೆಯ ಮೊಗವೀರ ಹಿರಿಯರೊಬ್ಬರಿದ್ದಾರೆ. ನನ್ನ ಗೋಳು ಕೇಳಿ, "ಹುಣ್ಣಿಮೆ, ಅಮಾವಾಸ್ಯೆಗೆ ಇಲ್ಲಿ ನಡುಹಗಲಿಗೆ ಉಬ್ಬರ, ಸಂಜೆ ಆರರ ಸುಮಾರಿಗೆ ಇಳಿತ. ಪಂಚಾಂಗ ನಿನ್ನ ತಲೆಯ ಮೇಲೆಯೇ ತೂಗುತ್ತಿದೆಯಲ್ಲ, ನೋಡಬಾರದೇ?" ಎಂದರು. ಎರಡು ವರ್ಷ ಆ ಪಂಚಾಂಗದ ಕೆಳಗೆ ಕೂತು ಚಿಲ್ಲರೆ ಎಣಿಸಿದ್ದೆ!

ಅಲ್ಲಿಂದ ಲೆಕ್ಕ ಸುಲಭವಾಯಿತು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 6ರ ಆಸುಪಾಸು. ಹಾಗಾಗಿ ಅಮಾವಾಸ್ಯೆ ಅಥವಾ ಹುಣ್ಣಿಮೆಯ ದಿನ ಮತ್ತು ಮರುದಿನ, ತಿಂಗಳಿಗೆ ಹೆಚ್ಚೆಂದರೆ ನಾಲ್ಕೈದು ಸಂಜೆ, ನೀರು ಹಿಂದೆ ಸರಿದು ಕೆಸರಿನ ಮೇಲೆ ತೆಳ್ಳಗೆ ಒಂದು ಪದರ ಮಾತ್ರ ಉಳಿದಿರುತ್ತದೆ. ಅದರಲ್ಲಿ ಅಲೆಯಿಲ್ಲ. ಶಿವಡಿಯಲ್ಲಿ ನಿಂತವನಿಗೆ ಸಂಸ್ಕರಣಾಗಾರ ಪೂರ್ವಕ್ಕೆ, ಸೂರ್ಯ ಬೆನ್ನಿಗೆ. ಮುಳುಗಿ ಹತ್ತು ನಿಮಿಷಕ್ಕೆ ಎದುರಿನ ಆಕಾಶದ ಬುಡದಲ್ಲಿ ಬೂದು ನೀಲಿಯ ಪಟ್ಟಿ ಏಳುತ್ತದೆ, ಅದರ ಮೇಲೆ ಗುಲಾಬಿ. ಆ ನೀಲಿ ಭೂಮಿಯದೇ ನೆರಳು. ಇಪ್ಪತ್ತು ನಿಮಿಷಕ್ಕೆ ದೀಪಗಳ ಬೆಳಕೂ ಆಕಾಶದ ಬೆಳಕೂ ಸಮನಾಗುತ್ತವೆ. ಕೈಯಲ್ಲಿರುವುದು ಏಳೆಂಟು ನಿಮಿಷ. ಐಎಸ್‌ಒ (ಬೆಳಕಿಗೆ ಸಂವೇದನೆ) 100, ಲೆನ್ಸಿನ ಕಿಂಡಿ ಎಫ್ 8, ಶಟರ್ ತೆರೆದಿರುವುದು ಎಂಟು ಸೆಕೆಂಡಿನಿಂದ ಶುರು. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 3,200 ಕೆಲ್ವಿನ್ ಹತ್ತಿರ. ಚಳಿಗಾಲದ ಹೊಗೆಮಂಜು ಇದ್ದರೆ ಇನ್ನೂ ಒಳ್ಳೆಯದು: ದೂರದ್ದನ್ನು ಹತ್ತಿರ ತರುವ 300 ಎಂಎಂ ಲೆನ್ಸಿನಲ್ಲಿ ಚಿಮಣಿಗಳು ಒಂದರ ಹಿಂದೊಂದು ಮಸುಕಾಗುತ್ತ ಹೋಗಿ ಪಶ್ಚಿಮ ಘಟ್ಟದ ಬೆಟ್ಟಸಾಲಿನಂತೆ ಕಾಣುತ್ತವೆ. ಎಲ್ಲರೂ ಶುಭ್ರ ಆಕಾಶಕ್ಕೆ ಕಾಯುತ್ತಾರೆ. ನಾನು ಕಾಯುವುದು ಮಸುಕಿಗೆ.

ಹೊಗೆಯ ವಿಷಯ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ. ಶೂಟಿಂಗ್ ಇಲ್ಲದ ದಿನ ಇಡ್ಲಿ ಪೆಟ್ಟಿಗೆಯ ಹಬೆಯನ್ನು ಬೇರೆ ಬೇರೆ ಶಟರಿನಲ್ಲಿ ತೆಗೆದು ನೋಡಿದೆ. ಮೂವತ್ತು ಸೆಕೆಂಡಿಗೆ ಹಬೆ ಬಿಡಿಸಿದ ಹತ್ತಿ. ಎರಡು ಸೆಕೆಂಡಿಗೆ ಸುರುಳಿ ಉಳಿಯುತ್ತದೆ. ಹಾಗಾಗಿ ಚಿಮಣಿಗೊಂದು, ನೀರಿಗೊಂದು ಚಿತ್ರ ತೆಗೆದು ಆಮೇಲೆ ಕೂಡಿಸುತ್ತೇನೆ. ಹೇಗೆ ಕೂಡಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಿಲ್ಲುವ ಜಾಗವನ್ನೂ. (ಇಡ್ಲಿ ಪೆಟ್ಟಿಗೆಯ ಒಂದು ಚಿತ್ರ ಕಾರ್ಖಾನೆಗಿಂತ ಚೆನ್ನಾಗಿ ಬಂದಿದೆ. ಅದು ಬೇರೆ ಕಥೆ.)

ದುಡ್ಡಿನ ಮಾತು. ಹಳೆಯ ಲೆನ್ಸನ್ನು 19,000ಕ್ಕೋ 20,000ಕ್ಕೋ ಕೊಂಡೆ. ಒಳಗೆ ಬೂಷ್ಟು ಹಿಡಿದಿತ್ತು. ಮಾರಿದವನು ಹೇಳಲಿಲ್ಲ, ನಾನೂ ಬೆಳಕಿಗೆ ಹಿಡಿದು ನೋಡಲಿಲ್ಲ. ಶುಚಿ ಮಾಡಿಸಲು ಮತ್ತೆ 3,500. ಒಮ್ಮೆ ಟ್ರೈಪಾಡಿನ ಒಂದು ಕಾಲು ಚಿತ್ರ ತೆಗೆಯುತ್ತಿರುವಾಗಲೇ ಕೆಸರಿಗೆ ಇಳಿದು ಕ್ಯಾಮೆರಾ ಮುಗ್ಗರಿಸಿತು. ರಿಪೇರಿಗೆ 7,000 ಚಿಲ್ಲರೆ. ಈಗ ಮೂರು ಕಾಲಿಗೂ ಎಣ್ಣೆ ಡಬ್ಬದ ಮುಚ್ಚಳ ಇಡುತ್ತೇನೆ. ಮಳೆಗಾಲದಲ್ಲಿ ಲೆನ್ಸುಗಳೆಲ್ಲ ತೇವ ಹೀರುವ ಸಿಲಿಕಾ ಜೆಲ್ ಜೊತೆ ಸ್ಟೀಲ್ ಡಬ್ಬದೊಳಗೆ, ಹಪ್ಪಳದ ಪಕ್ಕದ ಕಪಾಟಿನಲ್ಲಿ.

ಇಷ್ಟಾದರೂ ತ್ರಾಂಬೆಯ ಅಣುಕೇಂದ್ರದ ಗುಮ್ಮಟದತ್ತ ಲೆನ್ಸ್ ತಿರುಗಿಸಬೇಡಿ. ನನ್ನನ್ನು ಒಬ್ಬ ಕಾವಲುಗಾರ ಒಂದೂವರೆ ಗಂಟೆ ಕೂರಿಸಿ, ಕಾರ್ಡಿನಲ್ಲಿದ್ದ ಇಡ್ಲಿ ಪೆಟ್ಟಿಗೆಯ ಇನ್ನೂರು ಚಿತ್ರಗಳನ್ನು ಒಂದೊಂದಾಗಿ ನೋಡಿದ್ದಾನೆ.

ಈವರೆಗೆ ಏಳು ಪ್ರಿಂಟ್ ಮಾರಿದ್ದೇನೆ, 4,000ದಂತೆ. ಖರ್ಚಿನ ಬಹುಪಾಲು ವಾಪಸ್. ಎಂಟನೆಯದು ಗಲ್ಲಾದ ಹಿಂದಿನ ಗೋಡೆಯಲ್ಲಿದೆ: ಕೆಳಗೆ ರಾಜಹಂಸಗಳ ಗುಲಾಬಿ ಗೆರೆ, ಎಂಟು ಸೆಕೆಂಡಿನಲ್ಲಿ ತಲೆಗಳೆಲ್ಲ ಅಲುಗಿ ಮಂಜಾಗಿವೆ, ಕಾಲುಗಳು ಮಾತ್ರ ಸ್ಪಷ್ಟ, ಮೇಲೆ ಅದೇ ಗುಲಾಬಿಯ ಆಕಾಶ, ನಡುವೆ ಕೊಳವೆಗಳ ಕಾಡು. ಮಾಹುಲ್‌ನಿಂದ ಬರುವ ಹಾಲಿನವನು ಮೊನ್ನೆ ಅದನ್ನು ತುಂಬ ಹೊತ್ತು ನೋಡಿ, "ವಾಸನೆ ಬರುತ್ತಿಲ್ಲ ಅಣ್ಣ, ಅದಕ್ಕೇ ಚೆಂದ ಕಾಣುತ್ತಿದೆ" ಎಂದು ಕ್ಯಾನ್ ಇಳಿಸಿ ಹೋದ. ಅವನ ಮನೆಯ ಹಿಂದಿನಿಂದ, ಅವನು ದಿನವೂ ನೋಡುವ ಕೋನದಿಂದ ಒಮ್ಮೆ ತೆಗೆಯಬೇಕೆಂದಿದ್ದೇನೆ. ಬರುವ ಅಮಾವಾಸ್ಯೆಗೆ ಬಾ ಎಂದಿದ್ದಾನೆ. ಅಂದು ಭಾನುವಾರ, ಹೋಟೆಲಿನಲ್ಲಿ ರಶ್. ಮಾವ ಇನ್ನೂ ಹೂಂ ಎಂದಿಲ್ಲ.