ಸುಯ್ ಅನ್ನೋ ಸದ್ದು ಉಳಿಸಿದ್ದೇ ಕೈ ಹಿಡೀತು

"ಮಾಡಿದರೆ ಪೂರ್ತಿ ಕ್ಲೀನ್ ಮಾಡು, ಇಲ್ಲಾಂದ್ರೆ ಸುಮ್ನೆ ಕೈ ಹಾಕಬೇಡ." ಎರಡು ವರ್ಷದ ಹಿಂದೆ, ಹಳೇ ಸಿನಿಮಾಗಳ ಸದ್ದು ಸರಿ ಮಾಡೋಕೆ ಹೊರಟಾಗ, ನಮ್ಮ ಎಡಿಟಿಂಗ್ ಗೆಳೆಯರು ನನಗೆ ಹೇಳಿದ ಬುದ್ಧಿಮಾತು ಇದು. ಅವರು ಹೇಳಿದ್ದು ತಪ್ಪು ಅಂತ ತೋರಿಸೋಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ದುಡ್ಡು ಹತ್ತಿರ ಹತ್ತಿರ ನಲವತ್ತು ಸಾವಿರ ಹೋಯಿತು.

ಹಗಲು ನನ್ನದು ಮದುವೆ ವಿಡಿಯೋ ಕೆಲಸ. ರಾತ್ರಿ ಮಾತ್ರ 1930ರ ದಶಕದ ಅಮೆರಿಕದ ಅಗ್ಗದ 'ಕತ್ತಲೆ ಮನೆ' ಸಿನಿಮಾಗಳು. ಅದೇ, ಮಳೆ, ಗುಡುಗು, ಊರಾಚೆ ಒಂದು ದೊಡ್ಡ ಮನೆ, ಯಾರೋ ಸತ್ತಿರ್ತಾರೆ, ಎಲ್ಲರೂ ಉಯಿಲು ಓದೋದಕ್ಕೆ ಕಾಯ್ತಿರ್ತಾರೆ, ಗೋಡೆಯಿಂದ ಒಂದು ಕೈ ಬರುತ್ತೆ. ಯೂನಿವರ್ಸಲ್‌ನವರು 1932ರಲ್ಲಿ ಜೇಮ್ಸ್ ವೇಲ್ ಕೈಲಿ ಮಾಡಿಸಿದ 'ದಿ ಓಲ್ಡ್ ಡಾರ್ಕ್ ಹೌಸ್' ಎಲ್ಲರಿಗೂ ಗೊತ್ತು. ನನ್ನ ಆಸೆ ಅದರ ಬಡ ನೆಂಟರ ಮೇಲೆ. ಮೇಫೇರ್, ಇನ್ವಿನ್ಸಿಬಲ್, ಮೆಜೆಸ್ಟಿಕ್ ಅಂತ ಪುಟ್ಟ ಕಂಪನಿಗಳು ಗಡಿಬಿಡಿಯಲ್ಲಿ ಹೊಡೆದು ಬಿಸಾಕಿದ ಒಂದೊಂದು ಗಂಟೆಯ ಚಿತ್ರಗಳು. ಇಂಥ ಎರಡಕ್ಕೆ ಕನ್ನಡ ಸಬ್‌ಟೈಟಲ್ ಹಾಕಿ, ಸದ್ದು ಸರಿ ಮಾಡಿ, ಜನ ಕೂತು ನೋಡೋ ಹಾಗೆ ಮಾಡಬೇಕು ಅಂತ ಹಠ ಹಿಡಿದೆ.

ಹಕ್ಕಿನ ತಕರಾರು ಇಲ್ವಾ ಅಂತ ಕೇಳೋರಿಗೆ ಮೊದಲೇ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಆಗ 28ನೇ ವರ್ಷಕ್ಕೆ ಹಕ್ಕು ನವೀಕರಿಸಬೇಕಿತ್ತು. ಈ ಪುಟ್ಟ ಕಂಪನಿಗಳು ಅಷ್ಟು ಹೊತ್ತಿಗೆ ಮುಚ್ಚಿ ಹೋಗಿದ್ದವು, ಬಹಳಷ್ಟು ಚಿತ್ರಗಳನ್ನ ಯಾರೂ ನವೀಕರಿಸಲಿಲ್ಲ. ನಮ್ಮಲ್ಲಿ ಸಿನಿಮಾದ ಹಕ್ಕು ಇರೋದು 60 ವರ್ಷ, ಅದೂ ಮುಗಿದಿದೆ. ಯಾರಿಗೂ ಬೇಡವಾಗಿದ್ದರಿಂದಲೇ ಸಿಕ್ಕಸಿಕ್ಕವರೆಲ್ಲ ಪ್ರತಿ ಮಾಡಿಕೊಂಡರು, ಹಾಗಾಗಿ ಉಳಿದವು. ನಾನು ಕೈ ಹಾಕಿದ 'ದಿ ಘೋಸ್ಟ್ ವಾಕ್ಸ್' 1934ರದ್ದು. ಅದೇ ವರ್ಷ ಬಂದ ನಮ್ಮ 'ಸತಿ ಸುಲೋಚನ'ದ ಒಂದು ಪ್ರತಿಯೂ ಇವತ್ತು ಇಲ್ಲ. ಇದನ್ನ ನೆನೆದಾಗೆಲ್ಲ ಹೊಟ್ಟೆ ಉರಿಯುತ್ತೆ, ಇರಲಿ.

ಮೊದಲು ಶುರು ಮಾಡಿದ್ದು 1932ರ 'ದಿ ಮಾನ್‌ಸ್ಟರ್ ವಾಕ್ಸ್'. ಎರಡಕ್ಕೂ ನಿರ್ದೇಶಕ ಒಬ್ಬನೇ, ಫ್ರಾಂಕ್ ಸ್ಟ್ರೇಯರ್. ನೆಲಮಾಳಿಗೆಯಲ್ಲಿ ಕಟ್ಟಿಹಾಕಿದ ದೊಡ್ಡ ಕೋತಿ, ಗಾಲಿಕುರ್ಚಿಯ ಚಿಕ್ಕಪ್ಪ, ಪಿಟೀಲು ಬಾರಿಸೋ ನಟ ಮಿಶಾ ಆವರ್. 'ಭಯಂಕರ ವಾನರ' ಅಂತ ಅವರು ತೋರಿಸೋದು ಒಂದು ಪಾಪದ ಚಿಂಪಾಂಜಿಯನ್ನ. ಸದ್ದು ಕೆಟ್ಟದಾಗಿತ್ತು. ನನಗೆ ಆಗ ಮದುವೆ ಸೀಸನ್, ಪುರುಸೊತ್ತಿಲ್ಲ. ಸದ್ದು ಕ್ಲೀನ್ ಮಾಡೋ ಒಬ್ಬರಿಗೆ ಏಳು ಸಾವಿರ ಕೊಟ್ಟೆ. ನಾಲ್ಕೇ ದಿನದಲ್ಲಿ ವಾಪಸ್ ಬಂತು. ಕೇಳಿದರೆ ಕನ್ನಡಿ ಹಾಗೆ ಸ್ವಚ್ಛ! ಖುಷಿಯಾಗಿ ಪೂರ್ತಿ ನೋಡಿದೆ. ಕಿಟಕಿಯಲ್ಲಿ ಮಿಂಚು ಹೊಡೆಯುತ್ತೆ, ಎಲ್ಲರೂ ಬೆಚ್ಚಿ ಮೇಲೆ ನೋಡ್ತಾರೆ, ಸದ್ದೇ ಇಲ್ಲ. ಗುಡುಗನ್ನೂ ಮಳೆಯನ್ನೂ ಸಾಫ್ಟ್‌ವೇರ್ ಕಸ ಅಂತ ಗುಡಿಸಿ ಹಾಕಿತ್ತು. ಮಾತು ನಿಂತ ಕೂಡಲೇ ಬಾವಿಯೊಳಗೆ ಬಿದ್ದ ಹಾಗೆ ಖಾಲಿ. ಆಮೇಲೆ ಮುಂದಿನ ಮಾತು, ಮತ್ತೆ ಬಾವಿ. ಹತ್ತು ನಿಮಿಷಕ್ಕೆ ತಲೆನೋವು ಬಂತು.

ನನಗೆ ವಿಷಯ ಹೊಳೆದದ್ದು ಅಲ್ಲೇ. ಈ ಚಿತ್ರಗಳಲ್ಲಿ ಶುರುವಿನ ಹೆಸರುಗಳು ಮುಗಿದ ಮೇಲೆ ಸಂಗೀತ ಇಲ್ಲ ಅಂತಲೇ ಲೆಕ್ಕ. ಆಗ ಮಾತು, ಸಂಗೀತ ಎರಡನ್ನೂ ಬೆರೆಸೋದು ಕಷ್ಟದ, ಖರ್ಚಿನ ಕೆಲಸ. ಹಾಗಾಗಿ ಕತ್ತಲೆ ಓಣಿಯಲ್ಲಿ ಹುಡುಗಿ ದೀಪ ಹಿಡಿದು ನಡೆದರೆ ಕೇಳೋದು ಬರೀ 'ಸುಯ್', ಹಳೇ ಫಿಲ್ಮಿನ ಸದ್ದಿನ ಹಿಂದೆ ಸದಾ ಇರೋ ಉಸಿರಿನಂಥ ಶಬ್ದ. ಆ ಸುಯ್ ಅನ್ನೋದೇ ಆ ಮನೆಯ ಗಾಳಿ. ಅದನ್ನ ತೆಗೆದರೆ ಮನೆಯೇ ಹೋಯಿತು.

'ದಿ ಘೋಸ್ಟ್ ವಾಕ್ಸ್'ಗೆ ಹೊಸ ದಾರಿ ಹಿಡಿದೆ. ನನ್ನ ಹತ್ತಿರ ಎರಡು ಪ್ರತಿ ಇದ್ದವು. ಒಂದರಲ್ಲಿ ಚಿತ್ರ ಚೆನ್ನ, ಸದ್ದು ಹರಕಲು. ಇನ್ನೊಂದರಲ್ಲಿ ಚಿತ್ರ ಮಜ್ಜಿಗೆ, ಸದ್ದು ಪರವಾಗಿಲ್ಲ. ಇದರ ಸದ್ದು ತೆಗೆದು ಅದಕ್ಕೆ ಹಾಕೋದು ಅಂತ ಕೂತೆ. ಮೂರು ನಿಮಿಷಕ್ಕೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಒಂದು ವಾರ ಹಾಳಾಯಿತು. ಕೊನೆಗೆ ಸುಳಿವು ಕೊಟ್ಟಿದ್ದು ಹಿಂದೆ ಗುಂಯ್ ಅಂತಿದ್ದ ಕರೆಂಟಿನ ಸದ್ದು.

ಗುಂಯ್ ಅಂದರೆ ಎಡಿಟಿಂಗ್‌ನವರು ನಾವು ಕಣ್ಣು ಮುಚ್ಚಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಅದುರೋ ನಮ್ಮ ಕರೆಂಟಿನ ಸದ್ದು, ಕಟ್ ಮಾಡ್ತೀವಿ, ಅಲ್ವಾ? ನಾನೂ ಹಾಗೇ ಮಾಡಿದೆ. ಗುಂಯ್ ಜಪ್ಪಯ್ಯ ಅನ್ನಲಿಲ್ಲ. ಸ್ಪೆಕ್ಟ್ರೋಗ್ರಾಂ, ಅಂದರೆ ಸದ್ದನ್ನ ಗೆರೆಗಳಾಗಿ ತೋರಿಸೋ ಚಿತ್ರ, ತೆಗೆದು ನೋಡಿದರೆ ಗೆರೆ ಇದ್ದದ್ದು 60ರ ಮೇಲೆ, ಅಮೆರಿಕದ ಕರೆಂಟು. ಥೂ, ಇಷ್ಟೇನಾ ಅಂದುಕೊಂಡು ಇನ್ನೊಂದು ಪ್ರತಿ ನೋಡಿದೆ. ಅದರಲ್ಲಿ ಗೆರೆ 62.5ರ ಮೇಲೆ! 60ನ್ನ 25ರಿಂದ ಗುಣಿಸಿ 24ರಿಂದ ಭಾಗಿಸಿ ನೋಡಿ. ಸೆಕೆಂಡಿಗೆ 24 ಫ್ರೇಮಿನ ಸಿನಿಮಾನ ಯಾರೋ 25ಕ್ಕೆ ಓಡಿಸಿ ಟೇಪಿಗೆ ಹಾಕಿದ್ದರು. ನೂರಕ್ಕೆ ನಾಲ್ಕು ಪಾಲು ವೇಗ ಜಾಸ್ತಿ. ಅದನ್ನ ನಿಧಾನ ಮಾಡಿದ ಮೇಲೆ ಎರಡೂ ಒಂದರ ಪಕ್ಕ ಒಂದು ಕೂತವು. ಗುಂಯ್ ಸದ್ದಿನಿಂದ ಓಟದ ಲೆಕ್ಕ ಹಿಡಿಯೋದನ್ನ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಸ್ವಲ್ಪ ಕೊಚ್ಚಿಕೊಳ್ಳೋಕೆ ಬಿಡಿ.

ಇನ್ನೂ ಒಂದು ಮಜಾ ಇದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಎಷ್ಟೋ ಕಡೆ 1948ರ ಸುಮಾರಿನ ತನಕ ನಮ್ಮ ಹಾಗೆ 50 ಸೈಕಲ್ ಕರೆಂಟೇ ಇತ್ತು. ಹಾಗಾದರೆ ಈ 60ರ ಗುಂಯ್ ಶೂಟಿಂಗ್ ದಿನದ್ದಲ್ಲ, ಆಮೇಲೆ ಪ್ರತಿ ಮಾಡಿದ ಯಾರದ್ದೋ ಕರಾಮತ್ತು ಅಂತ ಲೆಕ್ಕ ಹಾಕಿದೆ. ಅದನ್ನ ಕನಿಕರ ಇಲ್ಲದೆ ತೆಗೆದೆ. ಸುಯ್ ಮಾತ್ರ ಮೊದಲಿನಿಂದ ಇದ್ದದ್ದು, ಅದಕ್ಕೆ ಮಾತಿನ ಕೆಳಗೆ ಮಾತ್ರ ಆರು ಡೆಸಿಬೆಲ್ ಇಳಿಸಿದೆ, ಮಾತಿಲ್ಲದ ಕಡೆ ಮುಟ್ಟಲಿಲ್ಲ. ಮೇಲೆ 6,000 ಹರ್ಟ್ಸ್ ದಾಟಿದರೆ ಬರೀ ಕಸ, ಅದನ್ನ ಕತ್ತರಿಸಿದೆ. ಫಿಲ್ಮ್ ತುಂಡಾಗಿ ಅಂಟಿಸಿದ ಕಡೆ, ಸುಮಾರು ನಲವತ್ತು ಜಾಗ, ಸುಯ್ ಸದ್ದಿಗೆ ಸುಯ್ ಹೊಲಿಗೆ ಕಾಣದ ಹಾಗೆ ಸೇರಿಸೋಕೆ ಒಂದು ಉಪಾಯ ಮಾಡಿದ್ದೀನಿ. ಅದು ಮಾತ್ರ ನನ್ನ ಹತ್ತಿರಾನೇ ಇರಲಿ, ಬೇಜಾರು ಮಾಡ್ಕೋಬೇಡಿ.

ಒಂದು ಪ್ರತಿಯ ಚಿತ್ರಕ್ಕೆ ಇನ್ನೊಂದರ ಸದ್ದು ಹೊಂದಿಸೋಕೆ ಗುರುತು ಏನು ಅಂತೀರಾ? ಬಾಗಿಲು. ಕತ್ತಲೆ ಮನೆ ಸಿನಿಮಾದಲ್ಲಿ ಎರಡು ನಿಮಿಷಕ್ಕೊಂದು ಬಾಗಿಲು ಬಡಿಯುತ್ತೆ. ಪ್ರತಿ ಬಾಗಿಲೂ ನನಗೆ ಒಂದು ಕ್ಲ್ಯಾಪ್ ಬೋರ್ಡು.

ಮಧ್ಯೆ ಒಂದಿಷ್ಟು ಹುಚ್ಚಾಟ ಆಯಿತು. ಅಂಟಿಸಿದ ಜಾಗ ಮುಚ್ಚೋಕೆ ನಮ್ಮ ಮನೆ ಹಿಂದಿನ ತಗಡಿನ ಮೇಲೆ ಬೀಳೋ ಮಳೆ ರೆಕಾರ್ಡ್ ಮಾಡಿ ಕೆಳಗೆ ಹಾಕಿದೆ. ಎಷ್ಟು ಸ್ಪಷ್ಟ ಅಂದರೆ ಮಳೆ ನಮ್ಮ ಹಿತ್ತಲಲ್ಲಿ, ಮನೆ ಅಮೆರಿಕದಲ್ಲಿ! ಸರಿ, ಮಳೆಗೂ 6,000ದ ಮೇಲೆ ಕತ್ತರಿ ಹಾಕಿದೆ. ಆಗ ದೋಸೆ ಹುಯ್ದ ಹಾಗೆ ಚುಂಯ್ ಅಂತು. ಬಿಟ್ಟೆ. ಇನ್ನೊಂದು ಸಲ 'ದಿ ವ್ಯಾಂಪೈರ್ ಬ್ಯಾಟ್' ಮೇಲೆ ಕಣ್ಣು ಬಿತ್ತು. 1933ರ ಆ ಚಿತ್ರ ಮಾಡಿದ್ದೂ ಸ್ಟ್ರೇಯರ್, ರಾತ್ರಿ ಹೊತ್ತು ಯೂನಿವರ್ಸಲ್ ಸೆಟ್ಟುಗಳಲ್ಲಿ, 'ಓಲ್ಡ್ ಡಾರ್ಕ್ ಹೌಸ್'ಗೆ ಹಾಕಿದ ಮನೆಯೂ ಸೇರಿ. ಬಡ ಕಂಪನಿಯ ಚಿತ್ರದಲ್ಲಿ ಮನೆ ಅಷ್ಟು ಶ್ರೀಮಂತ ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಅದರಲ್ಲಿ ಪಂಜು ಹಿಡಿದು ಓಡೋ ದೃಶ್ಯದ ಬೆಂಕಿಗೆ ಆಗ ಗುಸ್ತಾವ್ ಬ್ರಾಕ್ ಅನ್ನೋ ಕಲಾವಿದ ಕೈಯಲ್ಲೇ ಬಣ್ಣ ಹಾಕಿದ್ದ. ನನ್ನ ಹತ್ತಿರದ ಪ್ರತಿ ಬರೀ ಕಪ್ಪುಬಿಳುಪು. ನಾನೂ ಹಾಕ್ತೀನಿ ಅಂತ ಕೂತೆ. ಹನ್ನೊಂದು ಸೆಕೆಂಡು, 264 ಫ್ರೇಮು. ಅಲ್ಲಿಗೆ ಬ್ರಾಕ್‌ಗೆ ಕೈ ಮುಗಿದು ಎದ್ದೆ.

ಸಬ್‌ಟೈಟಲ್ ಕಥೆ ಬೇರೆ. ತಾನಾಗಿ ಮಾತು ಬರೆಯೋ ಸಾಫ್ಟ್‌ವೇರ್ ಹಚ್ಚಿದೆ. 'ವಿಲ್' ಅಂದರೆ ಉಯಿಲು ಅಂತ ಅದಕ್ಕೆ ಒಂದು ಸಲವೂ ಹೊಳೆಯಲಿಲ್ಲ. ಈ ಜಾತಿ ಸಿನಿಮಾದಲ್ಲಿ ಉಯಿಲೇ ಅರ್ಧ ಕಥೆ. ಕೊನೆಗೆ ಕಿವಿಯಲ್ಲೇ ಕೇಳಿ ಬರೆದೆ, ಎರಡು ಚಿತ್ರಕ್ಕೆ ಸೇರಿ 1,700 ಸಾಲಿನ ಹತ್ತಿರ. ಹೆಡ್‌ಫೋನಿಗೆ ಒಂಬತ್ತು ಸಾವಿರ ಹಾಕಿದ್ದು ಇದಕ್ಕೇ, ಅದೊಂದು ಖರ್ಚಿಗೆ ಬೇಜಾರಿಲ್ಲ.

ಮೊದಲ ಸಲ ಪುಸ್ತಕದ ಕನ್ನಡ ಬರೆದಿದ್ದೆ. ಕತ್ತಲಲ್ಲಿ ನಿಂತವನು "ಅಲ್ಲಿ ಯಾರಾದರೂ ಇರುವಿರಾ?" ಅಂತಿದ್ದ. ಹೆಂಡತಿ ನಕ್ಕಳು. ಈಗ ಅವನು "ಯಾರದು?" ಅಂತಾನೆ, ಅಷ್ಟೇ. ಸಾಲು ಚಿಕ್ಕದಾದಷ್ಟೂ ಕಣ್ಣು ಚಿತ್ರದ ಮೇಲಿರುತ್ತೆ. ಇನ್ನೊಂದು ವಿಷಯ, ಓದೋ ವೇಗ ಅಳೆಯೋ ಟೂಲನ್ನ ನಂಬಬೇಡಿ. 'ಲಕ್ಷ್ಮಿ' ನಮಗೆ ಎರಡು ಅಕ್ಷರ, ಒತ್ತು, ಗುಣಿತ ಎಲ್ಲ ಬಿಡಿಬಿಡಿಯಾಗಿ ಎಣಿಸೋ ಅದಕ್ಕೆ ಏಳು. ಸುಮ್ಮಸುಮ್ಮನೆ ಎಲ್ಲ ಸಾಲಿಗೂ ಕೆಂಪು ಹಚ್ಚುತ್ತೆ. ನಾನು ಗಟ್ಟಿಯಾಗಿ ಓದಿ, ಉಸಿರು ಸಾಕಾಗಲಿಲ್ಲ ಅಂದರೆ ಮಾತ್ರ ಕತ್ತರಿಸಿದೆ. ಎರಡು ಸಾಲು ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತೆ, ಅಂತರ ಜಾಸ್ತಿ ಕೊಡಿ.

ಪರೀಕ್ಷೆಗೆ ಗೆಳೆಯನ ಮನೆ ಟಿವಿಗೆ ಪೆನ್‌ಡ್ರೈವ್ ಚುಚ್ಚಿದರೆ ಕನ್ನಡ ಬದಲು ಬರೀ ಚೌಕ ಚೌಕ. ಅವತ್ತಿಂದ ಸಾಲುಗಳನ್ನ ಚಿತ್ರದೊಳಗೇ ಅಚ್ಚು ಹಾಕಿ ಕೊಡ್ತೀನಿ, ಬೇರೆ ಫೈಲ್ ಇಲ್ಲ.

'ಮಾನ್‌ಸ್ಟರ್ ವಾಕ್ಸ್'ನ ಸದ್ದನ್ನೂ ಇದೇ ದಾರಿಯಲ್ಲಿ ಮತ್ತೆ ಮಾಡಿದೆ. ಆದರೆ ಅದನ್ನ ಇನ್ನೂ ಜನರ ಮುಂದೆ ಹಾಕಿಲ್ಲ. ಅದರಲ್ಲಿ ಕಪ್ಪು ನಟ ವಿಲ್ಲಿ ಬೆಸ್ಟ್‌ಗೆ ಅವನ ಹೆಸರನ್ನೂ ಕೊಡದೆ 'ಸ್ಲೀಪ್ ಎನ್ ಈಟ್' ಅಂತ ಹಾಕಿದ್ದಾರೆ. ಕೊನೆಯ ಜೋಕು ಅವನನ್ನೂ ಕೋತಿಯನ್ನೂ ಸೇರಿಸಿ ಮಾಡಿದ್ದು. ಮೆತ್ತಗೆ ಮಾಡಿ ಅನುವಾದಿಸಿದರೆ ಸುಳ್ಳು, ಇದ್ದ ಹಾಗೆ ಹಾಕಿದರೆ ಯಾರಾದರೂ ನಕ್ಕುಬಿಟ್ಟರೆ ಅಂತ ಹೆದರಿಕೆ. ಇದ್ದ ಹಾಗೇ ಬರೆದಿಟ್ಟಿದ್ದೀನಿ. ತೋರಿಸೋ ದಿನ ಮೊದಲು ಎದ್ದು ನಿಂತು ನಾಲ್ಕು ಮಾತು ಹೇಳಬೇಕು.

ತೋರಿಸಿದ್ದು 'ಘೋಸ್ಟ್ ವಾಕ್ಸ್', ಆಷಾಢದಲ್ಲಿ, ನನಗೆ ಮದುವೆ ಕೆಲಸ ಇಲ್ಲದ ತಿಂಗಳು. ನೆಂಟರ ಹಳೇ ತೊಟ್ಟಿಮನೆಯ ಜಗಲಿ, ಬಾಡಿಗೆ ಪ್ರೊಜೆಕ್ಟರಿಗೆ ಎರಡೂವರೆ ಸಾವಿರ, ತಲೆಗೆ ಐವತ್ತು ರೂಪಾಯಿ. ಅರವತ್ತಕ್ಕೂ ಜಾಸ್ತಿ ಜನ ಬಂದರು. ಕಾಫಿ, ಉಪ್ಪಿಟ್ಟಿನ ಖರ್ಚು ಸೇರಿಸಿದರೆ ಕೈಯಿಂದ ಇನ್ನೂ ಹೋಯಿತು. ತಿಂಗಳುಗಟ್ಟಲೆ ಗುಂಯ್ ತೆಗೆದಿದ್ದೇ ತೆಗೆದಿದ್ದು, ಅವತ್ತು ನೋಡಿದರೆ ಮನೆ ಇನ್‌ವರ್ಟರ್ ಮೂಲೆಯಲ್ಲಿ ಕೂತು ಗುಂಯ್ ಅಂತಿತ್ತು, ಅಪ್ಪಟ 50 ಹರ್ಟ್ಸ್.

ಆ ಚಿತ್ರದಲ್ಲಿ ಒಬ್ಬ ನಾಟಕಕಾರ ನಿರ್ಮಾಪಕನನ್ನ ಮಳೆಯ ರಾತ್ರಿ ಒಂದು ಮನೆಗೆ ಕರೆದುಕೊಂಡು ಹೋಗ್ತಾನೆ. ಅಲ್ಲಿ ನಡೆಯೋದೆಲ್ಲ ಅವನ ನಾಟಕ, ಎಲ್ಲರೂ ನಟರು. ಅದು ಬಯಲಾಗೋ ಹೊತ್ತಿಗೆ ನಿಜವಾಗಿ ಕೊಲೆ ಆಗುತ್ತೆ. ನಿರ್ಮಾಪಕ ಮಾತ್ರ ಇದೂ ನಾಟಕ ಅಂತ ನಗ್ತಾ ಕೂರ್ತಾನೆ. ಅವನು ನಕ್ಕಾಗ ಜಗಲಿಯಲ್ಲಿ ಒಬ್ಬರೂ ನಗಲಿಲ್ಲ. ಮಾತು ನಿಂತಿತ್ತು, ಸ್ಪೀಕರಿನಿಂದ ಬರೀ ಸುಯ್. ಮುಂದಿನ ಸಾಲಿನ ಒಬ್ಬರು ಅಜ್ಜಿ ನಿಧಾನಕ್ಕೆ ತಿರುಗಿ ಹಿಂದಿನ ಬಾಗಿಲು ನೋಡಿದರು. ಚಿಲಕ ಹಾಕಿದೆಯಾ ಅಂತ ಮೊಮ್ಮಗನನ್ನ ಕೇಳಿದರು.

'ಪೂರ್ತಿ ಕ್ಲೀನ್ ಮಾಡು' ಅಂದಿದ್ದ ಗೆಳೆಯರಲ್ಲಿ ಇಬ್ಬರು ಅವತ್ತು ಅಲ್ಲೇ ಇದ್ದರು. ಮಾರನೇ ದಿನ ಒಬ್ಬ ಫೋನ್ ಮಾಡಿ ಪ್ರಾಜೆಕ್ಟ್ ಫೈಲ್ ಕೇಳಿದ. ಕೊಟ್ಟೆ. ಹೊಲಿಗೆಯ ಟ್ರ್ಯಾಕ್ ಮಾತ್ರ ತೆಗೆದಿಟ್ಟುಕೊಂಡು ಕೊಟ್ಟೆ. ಈಗ ಮೇಜಿನ ಮೇಲೆ 1932ರ 'ದಿ ಥರ್ಟೀನ್ತ್ ಗೆಸ್ಟ್' ಇದೆ, ಆಗಿನ್ನೂ ಹೆಸರು ಮಾಡದ ನಟಿ ಜಿಂಜರ್ ರಾಜರ್ಸ್ ಇರೋದು. ಮೂರು ಪ್ರತಿ ಸಿಕ್ಕಿವೆ, ಮೂರರಲ್ಲೂ ಗುಂಯ್ ಬೇರೆ ಬೇರೆ ಗೆರೆಯ ಮೇಲೆ.